ತೋಟದ ಬಾವಿಯ ಈಜು ಅಬ್ಬಿಯ ಗುಂಡಿಗೆ ಸಾಲದು

ಏಪ್ರಿಲ್ ಬಂತೆಂದರೆ ಶೆಟ್ಟಿಕೆರೆ, ತಿಪಟೂರು, ತುರುವೇಕೆರೆ ಕಡೆಯ ಮನೆಗಳಲ್ಲಿ ಮಕ್ಕಳದು ಒಂದೇ ಬೇಡಿಕೆ: ನೀರಿರುವ ಕಡೆ ಕರೆದುಕೊಂಡು ಹೋಗಿ. ಶಾಲೆಗೆ ರಜೆ, ಶೀಟಿನ ಮನೆಯೊಳಗೆ ಮಧ್ಯಾಹ್ನ ಕೂರಲಾಗದ ಧಗೆ. ಕೊನೆಗೊಂದು ಭಾನುವಾರ ಹಿರಿಯರೂ ಒಪ್ಪುತ್ತಾರೆ. ಬಾಡಿಗೆ ಗಾಡಿ ಗೊತ್ತು ಮಾಡಿ ಹೊರಡುವಷ್ಟರಲ್ಲಿ ಎಂಟು ಗಂಟೆ. ದಾರಿಯಲ್ಲಿ ತಿಂಡಿ ಮುಗಿಸಿ ಜಲಪಾತದ ಬುಡ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲೆ. ನೆರಳಿರುವ ಜಾಗವೆಲ್ಲ ಆಗಲೇ ಬೇರೆಯವರ ಪಾಲು. ಮಕ್ಕಳು ನೀರಿಗೆ ಓಡುತ್ತಾರೆ, ತಾಯಂದಿರು ದಡದಲ್ಲಿ ನಿಂತು ಕೂಗುತ್ತಾರೆ, ಗಂಡಸರು ಬಂಡೆ ಹತ್ತಿ ಫೋಟೊ ತೆಗೆಯುತ್ತಾರೆ. ವಿಶ್ರಾಂತಿಗೆಂದು ಹೋದವರು ಹೋಗುವ ಮುಂಚಿಗಿಂತ ಹೆಚ್ಚು ದಣಿದು ಮರಳುತ್ತಾರೆ.

ಈ ದಣಿವಾದರೂ ಒಂದು ರಾತ್ರಿ ಮಲಗಿದರೆ ಹೋಗುತ್ತದೆ. ಪ್ರತಿ ಬೇಸಿಗೆಯಲ್ಲೂ ಕೆಲವು ಮನೆಗಳಿಗೆ ಮಕ್ಕಳೇ ಮರಳಿ ಬರುವುದಿಲ್ಲ. ಹಾಗೆ ಹೋಗುವವರಲ್ಲಿ ಈಜು ಬಾರದವರಷ್ಟೇ ಇರುವುದಿಲ್ಲ, ಚೆನ್ನಾಗಿ ಬರುತ್ತದೆ ಎಂದು ನಂಬಿದವರೂ ಇರುತ್ತಾರೆ. ನಮ್ಮ ಸೀಮೆಯ ಹುಡುಗರು ಈಜು ಕಲಿತದ್ದು ತೋಟದ ಬಾವಿಯಲ್ಲಿ, ಕಟ್ಟೆಯಲ್ಲಿ, ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ. ಅಲ್ಲಿನ ನೀರು ನಿಂತ ನೀರು, ಅದರ ಆಳವೂ ಗೊತ್ತು, ಮೆಟ್ಟಿಲೂ ಗೊತ್ತು. ಮಲೆನಾಡಿನ ಅಬ್ಬಿಯ ಗುಂಡಿಯಲ್ಲಿ ಇವು ಮೂರೂ ಇರುವುದಿಲ್ಲ.

ಮೊದಲು ನೀರನ್ನು ಅರಿಯೋಣ

ಎತ್ತರದಿಂದ ಬೀಳುವ ನೀರು ತನ್ನೊಂದಿಗೆ ಗಾಳಿಯನ್ನೂ ಎಳೆದುಕೊಂಡು ಗುಂಡಿಗೆ ಇಳಿಯುತ್ತದೆ. ಬುಡದಲ್ಲಿ ಬೆಳ್ಳಗೆ ಕಾಣುವುದು ನೀರು ಮತ್ತು ಗಾಳಿಗುಳ್ಳೆಗಳ ಬೆರಕೆ. ಮನುಷ್ಯನ ದೇಹವನ್ನು ಎತ್ತಿ ಹಿಡಿಯುವುದು ನೀರಿನ ತೂಕ. ಗಾಳಿ ಬೆರೆತ ನೀರಿಗೆ ಆ ತೂಕವಿಲ್ಲ. ಅದರಲ್ಲಿ ಈಜಲು ಹೋಗುವುದು ಉಕ್ಕಿದ ಹಾಲಿನ ನೊರೆಯ ಮೇಲೆ ಚಮಚ ನಿಲ್ಲಿಸಲು ಹೋದ ಹಾಗೆ. ಕೈ ಬೀಸಿದರೂ ಹಿಡಿತ ಸಿಗುವುದಿಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಬಿದ್ದ ನೀರು ತಳ ಮುಟ್ಟಿ ಮುಂದಕ್ಕೆ ಹೋಗುವಾಗ ಮೇಲ್ಭಾಗದ ನೀರು ಅಬ್ಬಿಯ ಕಡೆಗೇ ಹಿಂದಕ್ಕೆ ಸರಿಯುತ್ತದೆ. ಮೇಲೆ ತೇಲುತ್ತಿರುವವರನ್ನು ಅದು ಬೀಳುವ ನೀರಿನಡಿಗೆ ಎಳೆದೊಯ್ಯುತ್ತದೆ. ಒಂದು ಒಣ ಎಲೆಯನ್ನು ಗುಂಡಿಯ ನಡುವೆ ಬಿಟ್ಟು ಎರಡು ನಿಮಿಷ ನೋಡಿ. ಅದು ಅಬ್ಬಿಯತ್ತ ಹಿಂದೆ ಸರಿದರೆ ಅಲ್ಲಿ ಯಾರೂ ಇಳಿಯಬಾರದು. ಎಲೆ ತಿಳಿನೀರಿನಲ್ಲಿ ನಿಧಾನವಾಗಿ ಕೆಳಗೆ ಸಾಗಿದರೆ ಆ ಭಾಗವನ್ನು ಆರಿಸಿಕೊಳ್ಳಬಹುದು, ಕೆಳಗೆ ಹತ್ತಿರದಲ್ಲಿ ಇನ್ನೊಂದು ಜಿಗಿತ ಇಲ್ಲದಿದ್ದರೆ ಮಾತ್ರ.

ಮೂರನೆಯದು ಆಳದ ಮೋಸ. ನೀರಿನಿಂದ ಹೊರಬರುವ ಬೆಳಕು ಬಾಗುವುದರಿಂದ ತಿಳಿನೀರಿನ ತಳ ಇರುವುದಕ್ಕಿಂತ ಮೇಲೆ ಕಾಣುತ್ತದೆ. ನಾಲ್ಕು ಅಡಿ ಆಳ ಮೂರು ಅಡಿಯಂತೆ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಆರನೇ ತರಗತಿಯ ಮಗುವಿಗೆ ಈ ಒಂದು ಅಡಿಯ ವ್ಯತ್ಯಾಸವೇ ಸಾಕು, ಎದೆಮಟ್ಟದ ನೀರು ಮೂಗಿಗೆ ಬಂದಿರುತ್ತದೆ.

ಕೊನೆಯದು ತಣ್ಣೀರು. ಬಿಸಿಲಿಗೆ ಕಾದ ಮೈ ಕಾಡಿನ ತೊರೆಯ ನೀರಿಗೆ ಒಮ್ಮೆಗೇ ಬಿದ್ದರೆ ಉಸಿರು ತಾನಾಗಿಯೇ ಜೋರಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ, ತಡೆಯಲು ಆಗುವುದಿಲ್ಲ. ಆ ಕ್ಷಣ ತಲೆ ನೀರೊಳಗಿದ್ದರೆ ಶ್ವಾಸಕೋಶಕ್ಕೆ ಹೋಗುವುದು ನೀರು. ಬಾವಿ ಕಟ್ಟೆಯಿಂದ ಧುಮುಕಿ ಅಭ್ಯಾಸವಿರುವ ಹುಡುಗರು ಇಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಎಲ್ಲಿಗೆ ಹೋಗಬಹುದು

ನಮ್ಮ ತಾಲ್ಲೂಕುಗಳು ಕೆರೆಗಳ ನಾಡು, ದೊಡ್ಡ ಜಲಪಾತಗಳು ಇಲ್ಲಿಲ್ಲ. ಒಂದು ದಿನದಲ್ಲಿ ಹೋಗಿ ಬರಬಹುದಾದದ್ದು ತರೀಕೆರೆ ತಾಲ್ಲೂಕಿನ ಕಲ್ಲತ್ತಿಗಿರಿ. ತಿಪಟೂರಿನಿಂದ ಅರಸೀಕೆರೆ, ಕಡೂರು, ಬೀರೂರು ದಾಟಿ ಲಿಂಗದಹಳ್ಳಿಯ ಮೇಲೆ ಕೆಮ್ಮಣ್ಣುಗುಂಡಿಯ ದಾರಿ ಹಿಡಿದರೆ ಸಿಗುತ್ತದೆ, ನೂರು ಕಿಲೋಮೀಟರಿಗೂ ಮಿಗಿಲು. ವೀರಭದ್ರನ ಗುಡಿಯ ಎದುರೇ ಬಂಡೆಯ ಮೇಲಿಂದ ಹಂತ ಹಂತವಾಗಿ ನೀರು ಇಳಿಯುತ್ತದೆ. ಈಜುವ ಆಸೆ ಬಿಟ್ಟು ನೀರಿಗೆ ತಲೆಯೊಡ್ಡಿ ನಿಂತು ಬರುವವರಿಗೆ, ವಯಸ್ಸಾದ ಅಜ್ಜ ಅಜ್ಜಿಯರಿರುವ ಕುಟುಂಬಕ್ಕೆ, ನನ್ನ ಮಟ್ಟಿಗೆ ಇದೇ ಒಳ್ಳೆಯ ಆಯ್ಕೆ. ಆದರೆ ಬಂಡೆ ಹತ್ತಿ ಮೇಲಿನ ಹಂತಗಳಿಗೆ ಹೋಗುವುದು ಬೇಡ. ಅದೇ ಕಡೆಯ ಹೆಬ್ಬೆ ಜಲಪಾತ ಕಾಡಿನೊಳಗಿದೆ. ಅರಣ್ಯ ಇಲಾಖೆಗೆ ಶುಲ್ಕ ಕಟ್ಟಿ, ಅವರು ಹೇಳುವ ಹೊತ್ತಿನೊಳಗೆ ಹೋಗಿ ಬರಬೇಕು.

ಡೇರೆ ಹಾಕಿ ರಾತ್ರಿ ಉಳಿಯುವ ಆಸೆಯಿದ್ದರೆ ಖಾಸಗಿ ತೋಟದ ಹೋಂಸ್ಟೇ ನೋಡಿಕೊಳ್ಳಿ. ಕಾಯ್ದಿಟ್ಟ ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವುದೂ ಬೆಂಕಿ ಹಾಕುವುದೂ ಅಪರಾಧ. ಬೇಸಿಗೆಯಲ್ಲಂತೂ ಒಂದು ಕಿಡಿಗೆ ಇಡೀ ಗುಡ್ಡ ಹೊತ್ತಿಕೊಳ್ಳುತ್ತದೆ. ನಮಗೆ ಬೇಕಾದ ವಿಶ್ರಾಂತಿಗೆ ಹಗಲಿನ ಬಿಡಾರವೇ ಸಾಕು.

ದೂರ ಹೋಗಲಾಗದವರು ಊರಿನ ಸುತ್ತಲೇ ನೀರು ಹುಡುಕುತ್ತಾರೆ. ಅಪಾಯ ಹೆಚ್ಚಾಗಿರುವುದು ಅಲ್ಲಿಯೇ. ಈ ನಾಲ್ಕು ಕಡೆ ಯಾವ ಕಾರಣಕ್ಕೂ ಇಳಿಯಬೇಡಿ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡ: ಒದ್ದೆಯಾದ ಹಾಳೆಯ ಮೇಲೆ ಕಾಲು ನಿಲ್ಲದು, ಒಳಗೆ ಬಿದ್ದವರು ದಡ ಕೈಗೆಟುಕುವಷ್ಟು ಹತ್ತಿರವಿದ್ದರೂ ಹತ್ತಲಾರರು. ಹೇಮಾವತಿ ನಾಲೆ: ಸಿಮೆಂಟಿನ ಇಳಿಜಾರು, ಮೇಲೆ ಶಾಂತ, ಒಳಗೆ ಸೆಳವು. ಕೆಲಸ ನಿಂತ ಕಲ್ಲುಕ್ವಾರಿ: ನೆಟ್ಟಗೆ ಕಡಿದ ಗೋಡೆ, ಮೆಟ್ಟಿಲೆಂಬುದೇ ಇಲ್ಲ. ಜೆಸಿಬಿಯಲ್ಲಿ ಮಣ್ಣು ತೆಗೆದ ಕೆರೆ: ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವರ ಮುಂದಿನ ಹೆಜ್ಜೆಗೆ ಹತ್ತಡಿ ಗುಂಡಿ.

ಜಲಾಶಯದ ಕೋಡಿಯ ಕೆಳಗಿನ ಜಾಗವನ್ನೂ ಇದಕ್ಕೆ ಸೇರಿಸಿ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಾನಾಗಿ ಕೆಲಸ ಮಾಡುವ ಸೈಫನ್ ವ್ಯವಸ್ಥೆಯಿದೆ. ನೀರು ಒಂದು ಮಟ್ಟ ಮುಟ್ಟಿದಾಗ ಸೈಫನ್ನಿನ ಒಳಗಿನ ಗಾಳಿ ಹೊರದೂಡಲ್ಪಟ್ಟು ನೀರು ತುಂಬು ರಭಸದಲ್ಲಿ ಹರಿಯತೊಡಗುತ್ತದೆ. ಯಾರೂ ಬಂದು ಗೇಟು ಎತ್ತಬೇಕಿಲ್ಲ. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ನೀರಿಗಿಳಿದಿದ್ದ ತುಮಕೂರಿನ ಕುಟುಂಬವೊಂದರ ಸದಸ್ಯರು ಹೀಗೆ ಒಮ್ಮೆಗೇ ನುಗ್ಗಿದ ನೀರಿನಲ್ಲಿ ಕೊಚ್ಚಿಹೋದರು. ಅಣೆಕಟ್ಟಿನ ಕೆಳಗಿನ ನೀರು ಎಷ್ಟೇ ಶಾಂತವಾಗಿ ಕಂಡರೂ ಅದರ ಲೆಕ್ಕ ಮೇಲಿನ ನೀರಿನ ಕೈಯಲ್ಲಿರುತ್ತದೆ.

ಹೊರಡುವ ಮುನ್ನ

1. ಹೊತ್ತು. ಬೆಳಗಿನ ಐದಕ್ಕೆ ಮನೆ ಬಿಡಿ. ಎಂಟೂವರೆ ಒಂಬತ್ತಕ್ಕೆ ತಲುಪಿದರೆ ನೆರಳೂ ಸಿಗುತ್ತದೆ, ನೀರೂ ಕದಡಿರುವುದಿಲ್ಲ. ಭಾನುವಾರದ ಬದಲು ವಾರದ ನಡುವಿನ ದಿನವಾದರೆ ಇನ್ನೂ ಮೇಲು. ಕೊಬ್ಬರಿ ಸುಲಿಸುವ ಕೆಲಸ ಮುಂದಕ್ಕೆ ಹಾಕಲು ಬರುತ್ತದೆ, ಜನಜಂಗುಳಿಯನ್ನು ಕಡಿಮೆ ಮಾಡಲು ಬರುವುದಿಲ್ಲ.

2. ಮಳೆ. ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಬೆಳಗ್ಗೆ ನಿರ್ಮಲವಾಗಿದ್ದ ಆಕಾಶ ಮಧ್ಯಾಹ್ನ ಮೂರಕ್ಕೆ ಗುಡುಗುತ್ತದೆ. ಹಿಂದಿನ ಸಂಜೆ ಆ ಘಟ್ಟದ ಕಡೆ ಜೋರು ಮಳೆಯಾಗಿದ್ದರೆ ದಿನ ಮುಂದೂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲಪಾತ ನೋಡುವುದಕ್ಕೆ ಹೋಗಿ, ಇಳಿಯುವುದಕ್ಕೆ ಬೇಡ. ಮಹಾರಾಷ್ಟ್ರದ ಲೋಣಾವಳದಲ್ಲಿ 2024ರ ಜೂನ್ 30ರಂದು ಭೂಶಿ ಅಣೆಕಟ್ಟಿನ ಬಳಿಯ ಜಲಪಾತದ ನಡುವೆ ನಿಂತಿದ್ದ ಒಂದೇ ಕುಟುಂಬದವರು ಏರಿದ ನೀರಿಗೆ ಸಿಕ್ಕಿದ್ದನ್ನು ದೇಶವೆಲ್ಲ ವಿಡಿಯೊದಲ್ಲಿ ನೋಡಿತು. ದಡ ಕೆಲವೇ ಮಾರು ದೂರದಲ್ಲಿತ್ತು.

3. ಹಗ್ಗ ಮತ್ತು ತೇಲುವ ವಸ್ತು. ಎಲ್ಲರೂ ಮರೆಯುವುದು ಇದನ್ನೇ, ನಮ್ಮ ಸೀಮೆಯವರಿಗೆ ಸುಲಭವಾಗಿ ಸಿಗುವುದೂ ಇದೇ. ಐವತ್ತು ಅಡಿಯ ನಾರಿನ ಹಗ್ಗ ತನ್ನಿ. ತೆಂಗಿನ ನಾರಿನ ಹಗ್ಗ ತೇಲುತ್ತದೆ, ನೈಲಾನ್ ಹಗ್ಗ ಮುಳುಗುತ್ತದೆ. ನೀರಲ್ಲಿರುವವರಿಗೆ ಕಾಣುವುದು ತೇಲುವ ಹಗ್ಗ. ಅದರ ತುದಿಗೆ ಅಟ್ಟದಲ್ಲಿ ಹತ್ತು ತಿಂಗಳು ಕಳೆದ, ಸಿಪ್ಪೆ ಸುಲಿಯದ ಎರಡು ಕಾಯಿಗಳನ್ನು ಜೋಡಿಯಾಗಿ ಕಟ್ಟಿ. ಅಲ್ಲಾಡಿಸಿದರೆ ಗಿಟುಕು ಒಳಗೆ ಲೊಟಲೊಟ ಅನ್ನುವಂಥ ಕಾಯಿಯೇ ಆಗಬೇಕು. ಅದರ ನೀರೆಲ್ಲ ಆರಿರುತ್ತದೆ, ನಾರು ಒಣಗಿರುತ್ತದೆ, ಕೈಯಲ್ಲಿ ಹಿಡಿದರೆ ಹಗುರವಾಗಿರುತ್ತದೆ. ಅಜ್ಜಂದಿರು ಮೊಮ್ಮಕ್ಕಳ ಸೊಂಟಕ್ಕೆ ಕಟ್ಟಿ ಬಾವಿಗೆ ಇಳಿಸುತ್ತಿದ್ದುದು ಇಂಥ ಒಣಕಾಯಿಯನ್ನೇ. ಎಸೆಯುವಾಗ ತಲೆಗೆ ಬಡಿಯದಂತೆ ಆಚೆಗೆ ಬೀಳಿಸಿ ಹಗ್ಗವನ್ನು ಅವರತ್ತ ಎಳೆದು ತರಬೇಕು. ಕಾಯಿ ಇಲ್ಲದವರು ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನ್ ಕಟ್ಟಬಹುದು. ಇವು ಆಪತ್ತಿನ ಹೊತ್ತಿಗೆ ಮಾತ್ರ. ನೀರಲ್ಲಿ ಆಡುವ ಮಕ್ಕಳಿಗೆ ಮೈಗೆ ಸರಿಹೊಂದುವ ಲೈಫ್ ಜಾಕೆಟ್ಟೇ ಬೇಕು, ಗಾಳಿ ತುಂಬುವ ಆಟದ ಉಂಗುರ ಬೇಡ.

4. ಒಂದು ಗಳ. ಕುಡುಗೋಲು ಕಟ್ಟದ ದೋಟಿಯ ಎಂಟಡಿ ತುಂಡು ಗಾಡಿಯ ಮೇಲೆ ಬರಲಿ. ಆಳ ಅಳೆಯಲು ಅದೇ, ದಡದಿಂದ ಚಾಚಲೂ ಅದೇ.

5. ಬಟ್ಟೆ. ನೀರಿಗೆ ಇಳಿಯುವ ಹೆಂಗಸರು ಸೀರೆ ಬಿಟ್ಟು ಚೂಡಿದಾರ್ ಹಾಕಿಕೊಳ್ಳುವುದು ಒಳ್ಳೆಯದು. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡು ಸೆಳವಿನ ಕಡೆಗೆ ಎಳೆಯುತ್ತದೆ. ಹವಾಯಿ ಚಪ್ಪಲಿ ಹಾವಸೆ ಕಟ್ಟಿದ ಬಂಡೆಯ ಮೇಲೆ ನಿಲ್ಲುವುದಿಲ್ಲ. ಹಳೆಯ ಕ್ಯಾನ್ವಾಸ್ ಶೂ ಇದ್ದರೆ ತನ್ನಿ.

6. ಬುತ್ತಿ. ಹಸಿ ಕಾಯಿಯ ಚಟ್ನಿ, ಕಾಯಿ ತುರಿದ ಪಲ್ಯ ಬೇಡ. ಹಸಿ ಕಾಯಿಯಲ್ಲಿ ನೀರಿನಂಶ ಹೆಚ್ಚು, ಬಿಸಿಲ ಗಾಡಿಯಲ್ಲಿ ಮಧ್ಯಾಹ್ನದೊಳಗೆ ಹಳಸುತ್ತದೆ. ಒಣಕೊಬ್ಬರಿಯ ಚಟ್ನಿಪುಡಿ, ಹುಚ್ಚೆಳ್ಳು ಪುಡಿ, ರೊಟ್ಟಿ, ಪುಳಿಯೋಗರೆ ಕೆಡುವುದಿಲ್ಲ. ಮೊಸರನ್ನ ಬೇಕೆಂದರೆ ಅನ್ನಕ್ಕೆ ಹಾಲು ಹಾಕಿ ಒಂದು ಚಮಚ ಮೊಸರು ಬೆರೆಸಿ ಮುಚ್ಚಿ. ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ಕೊಬ್ಬರಿಗೆಂದು ಬಿಟ್ಟ ಮರದಿಂದ ಎಳನೀರು ಕೀಳಲು ನಮ್ಮವರಿಗೆ ಮನಸ್ಸು ಬಾರದು, ಆದರೂ ಈ ದಿನಕ್ಕೊಂದು ಗೊನೆ ಇಳಿಸಿ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಉಪ್ಪಿನಂಶ ಕಡಿಮೆ. ಬೆವರಿನಲ್ಲಿ ಹೋಗುವುದು ಉಪ್ಪು. ಹಾಗಾಗಿ ಉಪ್ಪು ಹಾಕಿದ ಮಜ್ಜಿಗೆಯೂ ಜೊತೆಗಿರಲಿ.

ತಲುಪಿದ ಮೇಲೆ

ಗಾಡಿಯಿಂದ ಇಳಿದ ಕೂಡಲೇ ಮಕ್ಕಳನ್ನು ಬಿಡಬೇಡಿ. ಮೊದಲ ಅರ್ಧ ಗಂಟೆ ಹಿರಿಯರದು.

7. ಬಿಡಾರವನ್ನು ನೀರಿನಂಚಿನಿಂದ ಎತ್ತರದಲ್ಲಿ ಹಾಕಿ. ಬಂಡೆಯ ಮೇಲೆ ಹಳೆಯ ಪ್ರವಾಹದ ಗುರುತು ಇರುತ್ತದೆ: ಪೊದೆಗೆ ಸಿಕ್ಕಿದ ಕಸಕಡ್ಡಿ, ಬಣ್ಣ ಬದಲಾದ ಗೆರೆ. ಅದಕ್ಕಿಂತ ಮೇಲಿರಬೇಕು. ನೆರಳು ಈಗ ಎಲ್ಲಿದೆ ಎಂದು ನೋಡದೆ ಮಧ್ಯಾಹ್ನ ಎಲ್ಲಿಗೆ ಬರುತ್ತದೆ ಎಂದು ನೋಡಿ. ಮರದ ಪೂರ್ವದ ಬದಿಯಲ್ಲಿ ಚಾಪೆ ಹಾಸಿದರೆ ಎರಡು ಗಂಟೆಯ ಮೇಲೆ ಎದ್ದು ಸರಿಯಬೇಕಿಲ್ಲ. ಅಬ್ಬಿಯ ತುಂತುರು ಗಾಳಿಯಲ್ಲಿ ಆರುವಾಗ ಸುತ್ತಲಿನ ಶಾಖ ಹೀರುತ್ತದೆ. ಆ ತಂಪು ಬೀಸುವ ದಿಕ್ಕಿಗೆ ಮುಖ ಮಾಡಿದರೆ ಕೂತಲ್ಲೇ ಹಿತ.

8. ನೀರಿನಂಚಿಗೆ ಒಂದು ಕಲ್ಲು ಇಟ್ಟು ಎಲ್ಲರಿಗೂ ತೋರಿಸಿ. ಆ ಕಲ್ಲು ನೆನೆದರೆ, ತಿಳಿನೀರು ಕೆಂಪಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ನೀರಿನ ಸದ್ದು ದಪ್ಪವಾದರೆ ಮೇಲೆಲ್ಲೋ ಮಳೆಯಾಗಿದೆ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಸರಿ, ಚಪ್ಪಲಿ ಪಾತ್ರೆ ಬಿಟ್ಟು ಮೇಲೆ ಹತ್ತಿ. ಆಚೆ ದಡದಲ್ಲಿದ್ದವರು ಈಚೆಗೆ ದಾಟಲು ಹೋಗದೆ ಅಲ್ಲಿಯೇ ಎತ್ತರಕ್ಕೆ ಹೋಗಬೇಕು.

9. ಗಳ ಹಿಡಿದು ಒಬ್ಬ ದೊಡ್ಡವರು ತಳ ಮುಟ್ಟಿ ನೋಡಿ, ಅತಿ ಚಿಕ್ಕ ಮಗುವಿನ ಸೊಂಟದ ಆಳಕ್ಕೆ ಗಡಿ ಗುರುತಿಸಲಿ. ಅಲ್ಲಿ ಬಣ್ಣದ ಬಟ್ಟೆ ಕಟ್ಟಿದ ಇನ್ನೊಂದು ಹಗ್ಗವನ್ನು ಎರಡು ಬಂಡೆಗಳ ನಡುವೆ ಬಿಗಿಯಿರಿ. ಈಜು ಬಾರದ ದೊಡ್ಡವರಿಗೆ ಹರಿವ ನೀರಿನಲ್ಲಿ ಮೊಣಕಾಲುದ್ದವೇ ಗಡಿ.

10. ಕಾವಲು ಪಾಳಿ. ಮಕ್ಕಳು ನೀರಲ್ಲಿರುವಷ್ಟು ಹೊತ್ತೂ ಒಬ್ಬರು ನೋಡುವ ಕೆಲಸ ಮಾತ್ರ ಮಾಡಬೇಕು. ಅರ್ಧ ಗಂಟೆಗೊಮ್ಮೆ ಬದಲಾಗಲಿ. ಕೆಂಪು ಟವಲ್ಲೊಂದನ್ನು ಹೆಗಲಿಂದ ಹೆಗಲಿಗೆ ದಾಟಿಸಿ. ಟವಲ್ಲು ಇದ್ದವರು ಮೊಬೈಲು ಮುಟ್ಟುವಂತಿಲ್ಲ, ತಟ್ಟೆ ಹಿಡಿಯುವಂತಿಲ್ಲ. ಎಲ್ಲರೂ ನೋಡುತ್ತಿದ್ದಾರೆ ಎಂದುಕೊಂಡಲ್ಲಿ ಯಾರೂ ನೋಡುತ್ತಿರುವುದಿಲ್ಲ. ನಿಜವಾದ ವಿಶ್ರಾಂತಿಗೂ ಈ ಪಾಳಿಯೇ ದಾರಿ. ಟವಲ್ಲು ಇಲ್ಲದ ಅತ್ತೆ, ಚಿಕ್ಕಪ್ಪ, ಅಮ್ಮ ಆ ಹೊತ್ತು ಚಾಪೆಯ ಮೇಲೆ ನಿಶ್ಚಿಂತೆಯಿಂದ ಕಣ್ಣು ಮುಚ್ಚಬಹುದು. ಮನೆಯ ಹೆಂಗಸರಿಗೆ ವರ್ಷದಲ್ಲಿ ಇಂಥ ಒಂದು ಮಧ್ಯಾಹ್ನವಾದರೂ ಸಿಗಬೇಕೆಂಬುದು ನನ್ನ ಆಸೆ, ಹಾಗಾಗಿ ಪಾಳಿಯಲ್ಲಿ ಗಂಡಸರ ಪಾಲು ಹೆಚ್ಚಿರಲಿ.

11. ಇಳಿಯುವ ಕ್ರಮ: ಹತ್ತು ನಿಮಿಷ ನೆರಳಲ್ಲಿ ಕೂತು ಮೈ ಆರಿಸಿ. ಮೊದಲು ಪಾದ, ಆಮೇಲೆ ಕೈ, ಮುಖ, ಎದೆಗೆ ನೀರು ಚಿಮುಕಿಸಿ. ಉಸಿರು ಸಮನಾದ ಮೇಲೆ ನಡೆದುಕೊಂಡು ಇಳಿಯಿರಿ. ಧುಮುಕುವುದು ಬೇಡ, ಆಳ ಗೊತ್ತಿದ್ದರೂ ಬೇಡ. ಹೋದ ಮಳೆಗಾಲದಲ್ಲಿ ಉರುಳಿ ಬಂದ ಬಂಡೆ ಎಲ್ಲಿ ಕೂತಿದೆಯೋ ಹೋದ ವರ್ಷ ಧುಮುಕಿದವನಿಗೂ ಗೊತ್ತಿರುವುದಿಲ್ಲ.

ಹನ್ನೆರಡರವರೆಗೆ ನೀರು, ಆಮೇಲೆ ಊಟ, ನಿದ್ದೆ, ಚೌಕಾಬಾರ. ನಡುವೆ ಮತ್ತೆ ಇಳಿದರೂ ಎರಡರ ಮೇಲೆ ನೀರಿನ ಆಟ ನಿಲ್ಲಿಸಿ. ಗುಡುಗು ಕೇಳಿದರೆ ಅದಕ್ಕೂ ಮುಂಚೆಯೇ. ಸಿಡಿಲು ಎತ್ತರದ ಒಂಟಿ ಮರವನ್ನು ಹುಡುಕುತ್ತದೆ ಎಂದು ತೆಂಗು ಬೆಳೆದವರಿಗೆ ಬೇರೆ ಹೇಳಬೇಕಿಲ್ಲ. ಮರದಡಿ ನಿಲ್ಲದೆ ಗಾಡಿಯೊಳಗೆ ಕೂತು ಕಿಟಕಿ ಏರಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮುಳುಗುವವರು ಕೂಗುತ್ತಾರೆ ಎಂದು ನಂಬುವುದು. ಉಸಿರಿಗೇ ಸಮಯವಿಲ್ಲದವರು ಕೂಗಲಾರರು. ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ, ಕೈಗಳು ಎರಡೂ ಬದಿಗೆ ನೀರನ್ನು ಒತ್ತುತ್ತಿರುತ್ತವೆ. ದೂರದಿಂದ ಆಟದಂತೆ ಕಾಣುತ್ತದೆ. ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾಯಿತೆಂದರೆ ಆಗಲೇ ನೋಡಿ.

ಒಬ್ಬರ ಹಿಂದೆ ಒಬ್ಬರು ಧುಮುಕುವುದು. ಅಣ್ಣ ಮುಳುಗುತ್ತಿದ್ದಾನೆಂದು ತಮ್ಮ, ತಮ್ಮನಿಗಾಗಿ ಅಪ್ಪ, ಹೀಗೆ ಒಂದೇ ಮನೆಯ ಮೂವರು ಹೋದ ಸುದ್ದಿ ಓದುತ್ತಲೇ ಇರುತ್ತೇವೆ. ಮುಳುಗುವವರು ಸಿಕ್ಕಿದ್ದನ್ನು ಅವುಚಿ ಹಿಡಿದು ಕೆಳಕ್ಕೊತ್ತುತ್ತಾರೆ, ಅದು ಅವರ ತಪ್ಪಲ್ಲ. ದಡದಲ್ಲಿ ಮಲಗಿ ಗಳ ಚಾಚಿ. ಎಟುಕದಿದ್ದರೆ ಕಾಯಿ ಕಟ್ಟಿದ ಹಗ್ಗ ಎಸೆಯಿರಿ. ಮನೆಯಲ್ಲಿ ಅಂಗಳದಲ್ಲೇ ಮಕ್ಕಳೂ ಸೇರಿ ಎಸೆದು ಅಭ್ಯಾಸ ಮಾಡಿಕೊಂಡು ಬನ್ನಿ.

ಕುಡಿದು ನೀರಿಗಿಳಿಯುವುದು. ಕುಡಿದವರಿಗೆ ಪಾಳಿಯ ಟವಲ್ಲನ್ನೂ ಕೊಡಬೇಡಿ, ಗಾಡಿಯ ಕೀಲಿಯನ್ನೂ ಕೊಡಬೇಡಿ.

ಸೋಪು, ಶಾಂಪೂ ತರುವುದು. ಕೆಳಗಿನ ಊರಿನವರು ಕುಡಿಯುವುದು ಅದೇ ತೊರೆಯ ನೀರು.

ಹೊರತೆಗೆದವರನ್ನು ಬೋರಲು ಹಾಕಿ ಹೊಟ್ಟೆ ಅದುಮುವುದು, ತಲೆಕೆಳಗು ಮಾಡಿ ತಿರುಗಿಸುವುದು. ಊರುಗಳಲ್ಲಿ ಇಂದಿಗೂ ನಡೆಯುವ ಈ ಪದ್ಧತಿಯಿಂದ ಹೊಟ್ಟೆಯ ನೀರು ಬಾಯಿಗೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ. ಬೆಲೆಬಾಳುವ ನಿಮಿಷಗಳೂ ಕಳೆಯುತ್ತವೆ.

ಉಸಿರು ನಿಂತಿದ್ದರೆ

ಮುಳುಗಿದವರಿಗೆ ಮೊದಲು ಬೇಕಿರುವುದು ಗಾಳಿ. ಅಂಗಾತ ಮಲಗಿಸಿ, ಒಬ್ಬರು 108ಕ್ಕೋ 112ಕ್ಕೋ ಕರೆ ಮಾಡಲಿ. ಕರೆದರೂ ತಟ್ಟಿದರೂ ಎಚ್ಚರಗೊಳ್ಳದೆ, ಸರಿಯಾಗಿ ಉಸಿರಾಡದೆ ಇದ್ದರೆ ಹಣೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಎದೆ ಏರುವಷ್ಟು ಎರಡು ಬಾರಿ ಊದಿ. ಆಮೇಲೆ ಎದೆಯ ನಡುಮೂಳೆಯ ಕೆಳಭಾಗದ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈ ಅದರ ಮೇಲಿಟ್ಟು, ಎರಡು ಇಂಚು ತಗ್ಗುವಂತೆ 30 ಸಲ ಒತ್ತಿ. ನಿಮಿಷಕ್ಕೆ 100ರಿಂದ 120ರ ವೇಗ ಇರಲಿ. ಮತ್ತೆ ಎರಡು ಉಸಿರು, ಮತ್ತೆ 30 ಒತ್ತು. ಚಿಕ್ಕ ಮಕ್ಕಳಿಗೆ ಒಂದೇ ಕೈ ಸಾಕು, ಎದೆಯ ಮೂರನೇ ಒಂದು ಭಾಗ ತಗ್ಗಬೇಕು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ, ಒಬ್ಬರು ದಣಿದರೆ ಇನ್ನೊಬ್ಬರು ಮುಂದುವರಿಸಿ. ಕಾಡಿನ ದಾರಿಯಲ್ಲಿ ಫೋನಿಗೆ ಸಿಗ್ನಲ್ ಸಿಗದೇ ಹೋಗಬಹುದು. ಕೊನೆಯದಾಗಿ ಸಿಗ್ನಲ್ ಸಿಕ್ಕಿದ್ದು ಎಲ್ಲಿ ಎಂದು ಹೋಗುವಾಗಲೇ ಚಾಲಕರಿಗೆ ಗುರುತಿಟ್ಟುಕೊಳ್ಳಲು ಹೇಳಿ.

ನೀರು ಕುಡಿದು ಎಚ್ಚರಗೊಂಡ ಮಗು "ಈಗ ಚೆನ್ನಾಗಿದ್ದೀನಿ" ಎಂದರೂ ಆಸ್ಪತ್ರೆಗೆ ತೋರಿಸದೆ ಊರಿಗೆ ಹೊರಡಬೇಡಿ. ನೀರಿನ ಆಟದಲ್ಲಿ ಸ್ವಲ್ಪ ಸಿಕ್ಕಿಕೊಂಡು ಕೆಮ್ಮಿದ್ದ ಮಕ್ಕಳನ್ನು ಆ ರಾತ್ರಿ ಗಮನಿಸಿ. ಕೆಮ್ಮು ಬಿಡದಿದ್ದರೆ, ಉಸಿರು ಮೇಲೆ ಮೇಲೆ ಬರುತ್ತಿದ್ದರೆ, ಯಾವತ್ತೂ ಇಲ್ಲದಷ್ಟು ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯದೆ ತಿಪಟೂರಿನ ಆಸ್ಪತ್ರೆಗೆ ಕರೆದೊಯ್ಯಿರಿ.